ಮೊಡವೆಗೆ ಅಡಾಪಲೀನ್: ಬಟಾಣಿಯಷ್ಟು ಜೆಲ್, ಮೂರು ತಿಂಗಳ ಲೆಕ್ಕ

ಚಿತ್ರದುರ್ಗದ ಬಸ್ ಸ್ಟ್ಯಾಂಡಿಗೆ ಹತ್ತಿರದಲ್ಲೇ ನಮ್ಮ ಮೆಡಿಕಲ್ ಶಾಪು. ಹೋದ ಬೇಸಿಗೆಯಲ್ಲಿ ಡಿಪ್ಲೊಮಾ ಓದುವ ಹುಡುಗನೊಬ್ಬ ಬಂದು, ಖಾಲಿ ಟ್ಯೂಬೊಂದನ್ನು ಕೌಂಟರ್ ಮೇಲೆ ಇಟ್ಟ.

“ಅಣ್ಣ, ಇದೇನ್ ಕೊಟ್ರಿ? ಮುಖ ಎಲ್ಲಾ ಉರೀತೈತೆ. ಮೊಡವೆ ಮೊದ್ಲಿಗಿಂತ ಜಾಸ್ತಿ ಆಗ್ಯಾವೆ.”

ಅವನ ಮುಖಕ್ಕಿಂತ ಮೊದಲು ನಾನು ನೋಡಿದ್ದು ಟ್ಯೂಬನ್ನು. 15 ಗ್ರಾಮಿನ ಅಡಾಪಲೀನ್ ಜೆಲ್. ತಿಂಗಳ ಕೊನೆಯ ಟೂತ್‌ಪೇಸ್ಟಿನ ಹಾಗೆ ಬುಡದಿಂದ ಸುರುಳಿ ಸುತ್ತಿ, ಹಿಂಡಿ ಹಿಂಡಿ ಚಪ್ಪಟೆಯಾಗಿತ್ತು. ಕೊಂಡು ಇಪ್ಪತ್ತು ದಿನ ಆಗಿತ್ತಷ್ಟೆ. ದಿನಕ್ಕೆ ಎಷ್ಟು ಸಲ ಹಚ್ಚಿದೆ ಅಂದೆ. ಎರಡು ಸಲ ಅಂದ. ಕಾಲೇಜಿಗೆ ಹೊರಡುವ ಮುಂಚೆ ಒಂದು, ಮಲಗುವ ಮುಂಚೆ ಒಂದು. ಮೊಡವೆ ಇದ್ದ ಕಡೆ “ಸ್ವಲ್ಪ ದಪ್ಪಗೆ”.

ಚರ್ಮದ ವೈದ್ಯರು ಚೀಟಿಯಲ್ಲಿ ಬರೆದದ್ದು ಸರಿಯಾಗಿಯೇ ಇತ್ತು. ಮೊದಲ ಇಪ್ಪತ್ತು ದಿನಕ್ಕೆ ಬೇಕಾದದ್ದು ಹೆಚ್ಚೆಂದರೆ ಮೂರ್ನಾಲ್ಕು ಗ್ರಾಂ ಜೆಲ್. ಅವನು ಬಳಿದುಕೊಂಡದ್ದು ಹದಿನೈದು. ತಪ್ಪು ಅವನದೊಬ್ಬನದೇ ಅಲ್ಲ. ಟ್ಯೂಬು ಕೊಡುವಾಗ “ರಾತ್ರಿ ಹಚ್ಚು” ಎಂದಷ್ಟೇ ಹೇಳಿ ಚಿಲ್ಲರೆ ಎಣಿಸಲು ತಿರುಗಿದವನು ನಾನೇ. ಅಂದಿನಿಂದ ಯಾರು ಈ ಜೆಲ್ ಕೊಳ್ಳಲು ಬಂದರೂ ಐದು ನಿಮಿಷ ನಿಲ್ಲಿಸಿ ಮಾತಾಡುತ್ತೇನೆ. ಆ ಐದು ನಿಮಿಷದ ಮಾತನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಇದು ಯಾವ ಔಷಧಿ

ಅಡಾಪಲೀನ್, ಟ್ರೆಟಿನಾಯಿನ್, ಟಜಾರೊಟೀನ್ ಇವೆಲ್ಲ ರೆಟಿನಾಯ್ಡ್ ಎಂಬ ಒಂದೇ ಮನೆತನದವು. ಮೂಲ ವಿಟಮಿನ್ ‘ಎ’. ಇವುಗಳಲ್ಲಿ ಹಿರಿಯದು ಟ್ರೆಟಿನಾಯಿನ್. ಫಿಲಡೆಲ್ಫಿಯಾದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಜೊತೆಗಾರರು ಅದು ಮೊಡವೆಗೆ ಕೆಲಸ ಮಾಡುತ್ತದೆಂದು 1969ರಲ್ಲಿ ಪ್ರಕಟಿಸಿದರು, 1971ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. (ಇದೇ ಕ್ಲಿಗ್‌ಮನ್ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಚರ್ಮದ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿದವರು. ಔಷಧಿ ಒಳ್ಳೆಯದಾದ ಮಾತ್ರಕ್ಕೆ ಆ ಕಥೆ ಒಳ್ಳೆಯದಾಗುವುದಿಲ್ಲ.) ಅಡಾಪಲೀನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಟ್ರೆಟಿನಾಯಿನ್‌ಗಿಂತ ಉರಿ ಕಡಿಮೆ, ಬೆಳಕಿಗೆ ಬೇಗ ಕೆಡುವುದಿಲ್ಲ. 2016ರಿಂದ ಅಮೆರಿಕದಲ್ಲಿ 0.1 ಶೇಕಡಾದ ಜೆಲ್ಲನ್ನು 12 ವರ್ಷ ದಾಟಿದವರು ಚೀಟಿಯಿಲ್ಲದೆ ಕೊಳ್ಳಬಹುದು. ನಮ್ಮಲ್ಲಿ ಇದು ವೈದ್ಯರ ಚೀಟಿಯ ಮೇಲೆ ಕೊಡಬೇಕಾದ ಔಷಧಿ. ಒಮ್ಮೆ ತೋರಿಸಿಕೊಂಡು ಬರುವುದು ಒಳ್ಳೆಯದೇ, ಯಾಕೆಂದರೆ ಮುಖದ ಮೇಲೆ ಎದ್ದದ್ದೆಲ್ಲ ಮೊಡವೆ ಅಲ್ಲ.

ಕೆಲಸ ಮಾಡುವ ಬಗೆ ಹೀಗೆ. ಚರ್ಮದ ಒಂದೊಂದು ರೋಮರಂಧ್ರದ ಒಳಗೋಡೆಯಿಂದಲೂ ಸತ್ತ ಜೀವಕೋಶಗಳು ಉದುರುತ್ತಲೇ ಇರುತ್ತವೆ. ಮೊಡವೆ ಏಳುವ ಚರ್ಮದಲ್ಲಿ ಅವು ಬಿಡಿಬಿಡಿಯಾಗಿ ಉದುರದೆ, ಜಿಡ್ಡಿನ ಜೊತೆ ಕಲಸಿಕೊಂಡು ಬಾಯಿ ಕಟ್ಟುತ್ತವೆ. ಆಗ ಕಣ್ಣಿಗೆ ಏನೂ ಕಾಣುವುದಿಲ್ಲ. ವಾರಗಟ್ಟಲೆ ಒಳಗೇ ಬೆಳೆದು, ಆಮೇಲೆ ಬಿಳಿ ಕಾಳಾಗಿಯೋ ಬ್ಲ್ಯಾಕ್‌ಹೆಡ್ ಆಗಿಯೋ ಕೀವಿನ ಗುಳ್ಳೆಯಾಗಿಯೋ ತಲೆ ಎತ್ತುತ್ತದೆ. ಹಬ್ಬದ ದಿನ ಬೆಳಿಗ್ಗೆ ಕೆನ್ನೆ ಮೇಲೆ ಎದ್ದ ಮೊಡವೆಗೆ ಹಿಂದಿನ ರಾತ್ರಿ ತಿಂದ ಬಜ್ಜಿಯನ್ನು ಬೈಯುತ್ತೇವೆ. ಅದರ ಬೀಜ ಬಿದ್ದು ಒಂದೆರಡು ತಿಂಗಳೇ ಆಗಿರುತ್ತದೆ.

ರೆಟಿನಾಯ್ಡ್ ಹೋಗಿ ತಟ್ಟುವುದು ಆ ಬೀಜಕ್ಕೆ. ಕೋಶಗಳು ಅಂಟಿಕೊಳ್ಳದೆ ಸರಿಯಾಗಿ ಉದುರುವಂತೆ ಮಾಡುತ್ತದೆ, ಉರಿಯೂತವನ್ನೂ ತಗ್ಗಿಸುತ್ತದೆ. ಹಾಗಾಗಿ ಎರಡು ಮಾತು ನೆನಪಿರಲಿ, ಮುಂದಿನದೆಲ್ಲ ಇವುಗಳಿಂದಲೇ ಹುಟ್ಟುತ್ತದೆ. ಈಗ ಎದ್ದಿರುವ ಮೊಡವೆಯ ನೆತ್ತಿಗೆ ಒಂದು ಚುಕ್ಕೆ ಇಟ್ಟರೆ ಉಪಯೋಗವಿಲ್ಲ. ಮೊಡವೆ ಏಳುವ ಇಡೀ ಜಾಗಕ್ಕೆ ಹಚ್ಚಬೇಕು. ಮತ್ತೆ, ಒಳಗೆ ಈಗಾಗಲೇ ಬೆಳೆಯುತ್ತಿರುವ ಗುಳ್ಳೆಗಳು ಹೊರಬಂದು ಮುಗಿಯುವವರೆಗೆ ಫಲ ಕಾಣುವುದಿಲ್ಲ. ಅದಕ್ಕೆ ಎಂಟರಿಂದ ಹನ್ನೆರಡು ವಾರ ಹಿಡಿಯುತ್ತದೆ.

ಕೊಳ್ಳುವಾಗ ಟ್ಯೂಬು ಓದಿ

ಬ್ರ್ಯಾಂಡಿನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುವುದೇ ನಿಜವಾದ ಔಷಧಿ. ಹೊಸಬರಿಗೆ ಸಾಮಾನ್ಯವಾಗಿ ಬರೆಯುವುದು ಅಡಾಪಲೀನ್ 0.1 ಶೇಕಡಾ. 0.3 ಶೇಕಡಾದ್ದೂ ಇದೆ. ಅದು ಮೊದಲ ಟ್ಯೂಬಲ್ಲ.

ಒಂದೇ ಹೆಸರಿನ ಮುಂದೆ ‘ಸಿ’ ಅಥವಾ ‘ಬಿಪಿಒ’ ಅಂತ ಬಾಲ ಸೇರಿದರೆ ಔಷಧಿಯೇ ಬೇರೆ. ‘ಸಿ’ ಎಂದರೆ ಸಾಮಾನ್ಯವಾಗಿ ಕ್ಲಿಂಡಾಮೈಸಿನ್ ಎಂಬ ಆ್ಯಂಟಿಬಯೋಟಿಕ್ ಸೇರಿದ್ದು. ಕೀವಿನ ಗುಳ್ಳೆ ಜಾಸ್ತಿ ಇದ್ದಾಗ ವೈದ್ಯರು ಕೆಲವು ವಾರಗಳಿಗೆ ಬರೆಯುತ್ತಾರೆ. ಅದನ್ನೇ ವರ್ಷವಿಡೀ ಹಚ್ಚುತ್ತ ಕೂತರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗುವುದನ್ನು ಬಿಡುತ್ತವೆ. ‘ಬಿಪಿಒ’ ಎಂದರೆ ಬೆಂಜಾಯ್ಲ್ ಪೆರಾಕ್ಸೈಡ್. ಒಳ್ಳೆಯ ಜೋಡಿ, ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಳ್ಳುವುದಿಲ್ಲ. ಆದರೆ ಬಣ್ಣದ ಟವೆಲ್, ದಿಂಬಿನ ಚೀಲಕ್ಕೆ ತಾಗಿದರೆ ಬಿಳಿ ಮಚ್ಚೆ ಬೀಳುತ್ತದೆ, ಒಗೆದರೆ ಹೋಗುವುದಿಲ್ಲ. ಅಮ್ಮನ ಹೊಸ ಬೆಡ್‌ಶೀಟ್ ಹಾಳಾದ ಮೇಲೆ ನನಗೆ ಬಂದು ಹೇಳಿದವರಿದ್ದಾರೆ. ಚೀಟಿಯಲ್ಲಿ ಬಾಲ ಇಲ್ಲದಿದ್ದರೆ ಅಂಗಡಿಯವರು ಬಾಲ ಇರುವುದನ್ನು ಕೊಟ್ಟರೂ ತೆಗೆದುಕೊಳ್ಳಬೇಡಿ.

ಇದಕ್ಕಿಂತ ದೊಡ್ಡ ಅಪಾಯ ಒಂದಿದೆ. ಪಕ್ಕದ ಮನೆಯ ಅಕ್ಕ ಹೇಳಿದ, “ಹಚ್ಚಿದ ಮೂರನೇ ದಿನಕ್ಕೆ ಮುಖ ಬೆಳ್ಳಗೆ ನುಣ್ಣಗೆ” ಆಗುವ ಕ್ರೀಮು. ಹೆಸರು ಯಾವುದೇ ಇರಲಿ, ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸಾಲ್, ಫ್ಲೂಸಿನೊಲೋನ್ ಇವುಗಳಲ್ಲಿ ಯಾವುದಾದರೂ ಇದ್ದರೆ ಅದು ಸ್ಟೀರಾಯ್ಡ್. ಮೊದಲ ವಾರ ಮೊಡವೆಯ ಕೆಂಪು ಇಳಿಯುವುದು ನಿಜ. ಬಿಟ್ಟ ಕೂಡಲೇ ದುಪ್ಪಟ್ಟಾಗಿ ಏಳುವುದೂ ನಿಜ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳಗಳು ಕೆಂಪು ಎಳೆಗಳ ಹಾಗೆ ಕಾಣತೊಡಗುತ್ತವೆ, ಬಿಸಿಲಿಗೆ ಹೋದರೆ ಉರಿಯುತ್ತದೆ, ಹೆಣ್ಣುಮಕ್ಕಳ ಮುಖದಲ್ಲಿ ಕೂದಲು ಹೆಚ್ಚುತ್ತದೆ. ನಮ್ಮ ದೇಶದಲ್ಲಿ ಇದು ಎಷ್ಟು ಹಬ್ಬಿತೆಂದರೆ ಚರ್ಮವೈದ್ಯರ ಸಂಘದವರು ಇದರ ವಿರುದ್ಧ ಪ್ರಚಾರಕ್ಕೇ ಇಳಿಯಬೇಕಾಯಿತು. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರದಂತೆ ನಿಯಮ ಬಿಗಿ ಮಾಡಿತು. ಅಂಥದ್ದನ್ನು ಈಗಾಗಲೇ ಹಚ್ಚುತ್ತಿದ್ದರೆ ಅದರ ಜಾಗಕ್ಕೆ ನೀವೇ ಅಡಾಪಲೀನ್ ತಂದು ಬಳಿಯಬೇಡಿ. ಮೊದಲು ಚರ್ಮದ ವೈದ್ಯರಿಗೆ ತೋರಿಸಿ, ಅದನ್ನು ಬಿಡಿಸುವುದೇ ಬೇರೆ ಕೆಲಸ.

ಶುರು ಮಾಡುವ ಹಿಂದಿನ ವಾರ

ಬಚ್ಚಲುಮನೆಯ ಗೂಡು ಖಾಲಿ ಮಾಡಿ. ಸ್ಕ್ರಬ್, ಟೋನರ್, ನಿಂಬೆರಸ, ಕಡಲೆಹಿಟ್ಟಿನ ಉಜ್ಜಾಟ, ಮೊಡವೆ ಮೇಲೆ ಇಡುವ ಟೂತ್‌ಪೇಸ್ಟ್, ಸ್ಯಾಲಿಸಿಲಿಕ್ ಆಸಿಡ್ಡಿನ ಫೇಸ್‌ವಾಶ್, ವಿಟಮಿನ್ ‘ಸಿ’ ಸೀರಮ್ ಎಲ್ಲಕ್ಕೂ ಎರಡು ತಿಂಗಳು ರಜೆ. ಉಳಿಯಬೇಕಾದದ್ದು ಮೂರೇ: ಉರಿಯದ ಸಾದಾ ಫೇಸ್‌ವಾಶ್, ಪರಿಮಳವಿಲ್ಲದ ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ಮೈಗೆ ಹಚ್ಚುವ ಸೋಪನ್ನೇ ಮುಖಕ್ಕೂ ಉಜ್ಜುವವರು, ಅದರಲ್ಲೂ ನಮ್ಮ ಕಡೆಯ ಬೋರ್‌ವೆಲ್ಲಿನ ಗಡಸು ನೀರಲ್ಲಿ, ಅರ್ಧ ಉರಿಯನ್ನು ಸೋಪಿನಿಂದಲೇ ತಂದುಕೊಳ್ಳುತ್ತಾರೆ, ಬೈಗುಳ ಮಾತ್ರ ಜೆಲ್ಲಿಗೆ.

ಅರಿಶಿನದ ಬಗ್ಗೆ ಕೇಳುತ್ತಾರೆ. ಹಬ್ಬ, ಮದುವೆಯ ಅರಿಶಿನ ಶಾಸ್ತ್ರಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಉಜ್ಜಿ ತೆಗೆಯದಿದ್ದರೆ ಸಾಕು, ಆ ರಾತ್ರಿ ಜೆಲ್ ಬೇಡ.

ಇನ್ನು ಕ್ಯಾಲೆಂಡರ್ ನೋಡಿ. ಮುಂದಿನ ವಾರ ಅಕ್ಕನ ಮದುವೆ ಇದ್ದರೆ ಈಗ ಶುರು ಮಾಡಬೇಡಿ. ಫೋಟೊದಲ್ಲಿ ಸಿಪ್ಪೆ ಏಳುವ ಮೂಗು ಕಾಣುತ್ತದೆ. ಮದುವೆ ನಿಮ್ಮದೇ ಆದರೆ ನಾಲ್ಕು ತಿಂಗಳು ಮುಂಚೆ ಶುರು ಮಾಡಿ.

ಗರ್ಭಿಣಿಯರು, ಗರ್ಭಿಣಿಯಾಗುವ ಯೋಚನೆಯಲ್ಲಿರುವವರು ಯಾವ ರೆಟಿನಾಯ್ಡನ್ನೂ ಹಚ್ಚಬಾರದು. ಚರ್ಮದಿಂದ ರಕ್ತಕ್ಕೆ ಇಳಿಯುವುದು ಬಹಳ ಕಡಿಮೆಯೇ. ಆದರೂ ಇದೇ ಮನೆತನದ ಐಸೊಟ್ರೆಟಿನಾಯಿನ್ ಮಾತ್ರೆ ಹೊಟ್ಟೆಯೊಳಗಿನ ಮಗುವಿಗೆ ದೊಡ್ಡ ಹಾನಿ ಮಾಡುವುದು ಖಚಿತವಾಗಿ ಗೊತ್ತಿರುವುದರಿಂದ ಮುಲಾಮಿನ ವಿಷಯದಲ್ಲೂ ಅಪಾಯಕ್ಕೆ ಕೈ ಹಾಕುವುದಿಲ್ಲ. ಹಚ್ಚುತ್ತಿರುವಾಗ ಮುಟ್ಟು ನಿಂತದ್ದು ಗೊತ್ತಾದರೆ ಗಾಬರಿ ಬೇಡ. ಅಂದೇ ನಿಲ್ಲಿಸಿ ವೈದ್ಯರಿಗೆ ಹೇಳಿ. ಹಾಲೂಡಿಸುವ ತಾಯಂದಿರು ಮೊದಲು ಕೇಳಿಯೇ ಹಚ್ಚಬೇಕು. ಈ ಮಾತನ್ನು ಕೌಂಟರಿನಲ್ಲಿ ನಾಲ್ಕು ಜನರ ಮುಂದೆ ಹೆಣ್ಣುಮಕ್ಕಳನ್ನು ಕೇಳುವುದು ಮುಜುಗರ. ಹಾಗಾಗಿ ನಾನು ಎಲ್ಲರಿಗೂ, ಹುಡುಗರಿಗೂ ಸೇರಿಸಿ, ಒಂದೇ ವಾಕ್ಯದಲ್ಲಿ ಹೇಳಿಬಿಡುತ್ತೇನೆ.

ಮೊದಲ ರಾತ್ರಿ

ಊಟ ಆಗಲಿ. ಮುಖ ತೊಳೆಯಿರಿ, ಟವೆಲಿನಿಂದ ಒತ್ತಿ ಒರೆಸಿ, ಉಜ್ಜಬೇಡಿ. ಈಗ ಇಪ್ಪತ್ತು ನಿಮಿಷ ಬಿಡಿ. ಒದ್ದೆ ಚರ್ಮದ ಮೇಲೆ ಜೆಲ್ ಬೇಗ ಒಳಗಿಳಿಯುತ್ತದೆ, ಹೊಸಬರಿಗೆ ಅದೇ ಉರಿಯ ದಾರಿ.

ಕಣ್ಣಿನ ಸುತ್ತ, ಮೂಗಿನ ಹೊಳ್ಳೆಯ ಪಕ್ಕದ ಗೆರೆಯಲ್ಲಿ, ತುಟಿಯ ಎರಡೂ ಮೂಲೆಯಲ್ಲಿ ಒಂದು ಎಳೆ ವ್ಯಾಸಲೀನ್ ಸವರಿಕೊಳ್ಳಿ. ಜೆಲ್ ಜಾರಿ ಹೋಗಿ ಕೂರುವ, ಮೊದಲು ಬಿರಿಯುವ ಜಾಗಗಳು ಇವು.

ಈಗ ಜೆಲ್. ಎಲ್ಲ ಕಡೆ “ಬಟಾಣಿ ಕಾಳಿನಷ್ಟು” ಎಂದು ಬರೆದಿರುತ್ತದೆ. ಸಾಗು ಮಾಡಲು ನೆನೆಸಿಟ್ಟು ಉಬ್ಬಿದ ಬಟಾಣಿ ಅಲ್ಲ, ಡಬ್ಬಿಯಲ್ಲಿರುವ ಒಣ ಬಟಾಣಿ. ಇಡೀ ಮುಖಕ್ಕೆ ಅಷ್ಟೇ. ತೋರುಬೆರಳಿನ ತುದಿಗೆ ಹಾಕಿಕೊಂಡು ಐದು ಚುಕ್ಕೆ ಇಡಿ: ಹಣೆ, ಎರಡು ಕೆನ್ನೆ, ಮೂಗು, ಗದ್ದ. ಮೂಗಿನ ಚುಕ್ಕೆ ಎಲ್ಲಕ್ಕಿಂತ ಸಣ್ಣದಿರಲಿ. ಒಂದೊಂದನ್ನೂ ಹೊರಗಡೆಗೆ ತೆಳುವಾಗಿ ಹರಡಿ. ಹರಡಿದ ಮೇಲೆ ಮುಖ ಬೆಳ್ಳಗೆ ಕಾಣಬಾರದು, ಅಂಟಂಟಾಗಿಯೂ ಇರಬಾರದು. ಹಚ್ಚಿದೆನೋ ಇಲ್ಲವೋ ಅನ್ನಿಸಿದರೆ ಸರಿಯಾಗಿ ಹಚ್ಚಿದಿರಿ ಎಂದರ್ಥ. ಹೀಗೆ ಹಚ್ಚಿದರೆ 15 ಗ್ರಾಂ ಟ್ಯೂಬು ದಿನಾ ರಾತ್ರಿ ಬಳಸಿದರೂ ತಿಂಗಳಿಗೆ ಮೊದಲು ಮುಗಿಯಬಾರದು. ಮುಗಿದರೆ ಕಾಳು ಹಿಗ್ಗಿದೆ.

ಹತ್ತು ನಿಮಿಷ ಬಿಟ್ಟು ಮಾಯಿಶ್ಚರೈಸರ್. ಬೆನ್ನಿಗೆ, ಎದೆಗೆ ಮೊಡವೆ ಇದ್ದರೆ ಅಲ್ಲಿಗೂ ಹಚ್ಚಬಹುದು. ಕತ್ತಿಗೆ ಬೇಡ, ಅಲ್ಲಿಯ ಚರ್ಮ ಬೇಗ ಕೆರಳುತ್ತದೆ. ಕೈ ತೊಳೆದು ಮಲಗಿ.

ಸೂಕ್ಷ್ಮ ಚರ್ಮದವರಿಗೆ ಇನ್ನೂ ಮೆತ್ತನೆಯ ದಾರಿ ಎರಡಿವೆ. ಒಂದು, ಮೊದಲು ಮಾಯಿಶ್ಚರೈಸರ್, ಮೇಲೆ ಜೆಲ್, ಅದರ ಮೇಲೆ ಮತ್ತೆ ಮಾಯಿಶ್ಚರೈಸರ್. ಇನ್ನೊಂದು, ಹಚ್ಚಿ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ತೊಳೆದುಬಿಡುವುದು. ನನ್ನನ್ನು ಕೇಳಿದರೆ ಮೊದಲ ಎರಡು ವಾರ ಎಲ್ಲರೂ ಎರಡನೆಯದನ್ನೇ ಮಾಡುವುದು ವಾಸಿ. ನಿಧಾನ ಅಂತ ಬೇಸರ ಪಡುವವರಿಗೆ ಒಂದೇ ಉತ್ತರ: ಉರಿ ಅಂತ ಬಿಟ್ಟವರಿಗಿಂತ ಬೇಗ ತಲುಪುತ್ತೀರಿ.

ವಾರದ ಲೆಕ್ಕ

ಮೊದಲ ಎರಡು ವಾರ: ಎರಡು ರಾತ್ರಿ ಬಿಟ್ಟು ಒಂದು ರಾತ್ರಿ. ಮರೆಯುವವರು ಸೋಮವಾರ, ಗುರುವಾರ ಎಂದು ಇಟ್ಟುಕೊಳ್ಳಿ.

ಮೂರು, ನಾಲ್ಕನೇ ವಾರ: ಉರಿ, ಸಿಪ್ಪೆ ತಡೆಯುವಷ್ಟಿದ್ದರೆ ರಾತ್ರಿ ಬಿಟ್ಟು ರಾತ್ರಿ.

ಐದನೇ ವಾರದಿಂದ: ಚರ್ಮ ಒಪ್ಪಿದರೆ ದಿನಾ ರಾತ್ರಿ. ಒಪ್ಪದಿದ್ದರೆ ರಾತ್ರಿ ಬಿಟ್ಟು ರಾತ್ರಿಯಲ್ಲೇ ಉಳಿಯಿರಿ. ವಾರಕ್ಕೆ ಮೂರೇ ಸಲ ಹಚ್ಚಿಯೂ ಮುಖ ತಿಳಿಯಾದವರನ್ನು ನೋಡಿದ್ದೇನೆ.

ಒಂದು ರಾತ್ರಿ ತಪ್ಪಿದರೆ ಮರುದಿನ ಎರಡು ಪಾಲು ಹಚ್ಚುವ ಲೆಕ್ಕ ಇಲ್ಲ.

ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ವಿಜಯಪುರ, ಕಲಬುರಗಿ, ನಮ್ಮ ದುರ್ಗದ ಚಳಿಗಾಲದಲ್ಲಿ ತುಟಿಯೇ ಒಡೆಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಶುರು ಮಾಡುವವರು ದಪ್ಪನೆಯ ಕ್ರೀಮ್ ಮಾಯಿಶ್ಚರೈಸರ್ ಇಟ್ಟುಕೊಳ್ಳಿ, ವಾರದ ಲೆಕ್ಕವನ್ನು ಇನ್ನೂ ಸಡಿಲಿಸಿ. ಮಂಗಳೂರು, ಕಾರವಾರದ ಬೆವರಿಗೆ ಅದೇ ಕ್ರೀಮ್ ಭಾರ. ಅಲ್ಲಿ ನೀರಿನಂಥ ಜೆಲ್ ಮಾಯಿಶ್ಚರೈಸರ್ ಸಾಕು.

ಗಂಡಸರು ಶೇವಿಂಗ್ ಬೆಳಿಗ್ಗೆ ಮಾಡಿ. ಶೇವ್ ಮಾಡಿದ ಕೂಡಲೇ ಜೆಲ್ ಹಚ್ಚಿದರೆ ಮೆಣಸಿನಪುಡಿ ಬಿದ್ದ ಹಾಗಾಗುತ್ತದೆ. ಆಫ್ಟರ್‌ಶೇವ್ ಮರೆತುಬಿಡಿ. ಹೆಣ್ಣುಮಕ್ಕಳು ಪಾರ್ಲರಿಗೆ ಹೋಗಿ ಮೇಲ್ದುಟಿಗೆ ವ್ಯಾಕ್ಸ್ ಮಾಡಿಸುವುದಿದ್ದರೆ ಒಂದು ವಾರ ಮುಂಚೆಯೇ ಆ ಜಾಗಕ್ಕೆ ಜೆಲ್ ನಿಲ್ಲಿಸಿ. ಇಲ್ಲದಿದ್ದರೆ ವ್ಯಾಕ್ಸಿನ ಜೊತೆ ಚರ್ಮವೂ ಕಿತ್ತು ಬರುತ್ತದೆ. ಹುಬ್ಬಿನ ತ್ರೆಡಿಂಗಿಗೆ ತೊಂದರೆ ಇಲ್ಲ, ಅಲ್ಲಿಗೆ ಜೆಲ್ ಹೋಗುವುದೇ ಇಲ್ಲವಲ್ಲ. ಬ್ಲೀಚ್, ಫೇಶಿಯಲ್ ಬೇಡ.

ಬೆಳಿಗ್ಗೆ

ಸನ್‌ಸ್ಕ್ರೀನ್ ಬೇಡ ಅನ್ನುವವರಿಗೆ ನಾನು ಟ್ಯೂಬು ಕೊಡಲು ಹಿಂದೇಟು ಹಾಕುತ್ತೇನೆ. ರೆಟಿನಾಯ್ಡ್ ಹಚ್ಚಿದ ಚರ್ಮ ಬಿಸಿಲಿಗೆ ಬೇಗ ಕೆಂಪಾಗುತ್ತದೆ ಎಂಬುದು ಒಂದು. ನಮ್ಮಂಥ ಕಂದು ಚರ್ಮದವರಿಗೆ ಅದಕ್ಕಿಂತ ದೊಡ್ಡದು ಕಪ್ಪು ಕಲೆ. ನಮ್ಮ ಚರ್ಮ ಎಲ್ಲಿ ಕೆರಳಿದರೂ ಕಲೆ ಬಿಟ್ಟೇ ಹೋಗುತ್ತದೆ. ಮೊಡವೆ ಒಂದು ವಾರದಲ್ಲಿ ಇಳಿದರೆ ಅದರ ಕಪ್ಪು ತಿಂಗಳುಗಟ್ಟಲೆ ನಿಲ್ಲುತ್ತದೆ, ಬಿಸಿಲು ಅದಕ್ಕೆ ಇನ್ನೊಂದು ಕೈ ಬಣ್ಣ ಬಳಿಯುತ್ತದೆ. ಜೆಲ್ ಜಾಸ್ತಿ ಹಚ್ಚಿ ಸುಟ್ಟುಕೊಂಡ ಜಾಗವೂ ಹಾಗೇ ಕಪ್ಪಾಗುತ್ತದೆ. ಕಲೆ ಹೋಗಿಸಲು ತಂದ ಔಷಧಿಯಿಂದಲೇ ಕಲೆ ತಂದುಕೊಂಡ ಹಾಗೆ.

ಎಸ್‌ಪಿಎಫ್ 30 ಅಥವಾ ಮೇಲಿನದು, ‘ನಾನ್ ಕೊಮೆಡೊಜೆನಿಕ್’ (ರಂಧ್ರದ ಬಾಯಿ ಕಟ್ಟದ್ದು) ಎಂದು ಬರೆದಿರುವುದು. ಪ್ರಮಾಣದ ವಿಷಯದಲ್ಲಿ ಇದು ಜೆಲ್ಲಿಗೆ ಪೂರ್ತಿ ಉಲ್ಟಾ: ತೋರುಬೆರಳು, ಮಧ್ಯದ ಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ಮುಖ ಮತ್ತು ಕತ್ತಿಗೆ ಬೇಕು. ಜೆಲ್ಲನ್ನು ದಪ್ಪಗೆ ಬಳಿಯುವವರೇ ಸನ್‌ಸ್ಕ್ರೀನನ್ನು ಚುಕ್ಕೆ ಇಟ್ಟು ಮುಗಿಸುತ್ತಾರೆ, ಇದೊಂದು ತಮಾಷೆ. ಹೊಲದಲ್ಲಿ, ಬೈಕಿನ ಮೇಲೆ, ಡೆಲಿವರಿ ಕೆಲಸದಲ್ಲಿ ಹೊರಗೇ ಇರುವವರು ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಅದು ಆಗದ ಮಾತು ಅನ್ನುವವರು ಟೋಪಿ, ಟವೆಲ್, ವೇಲು ಯಾವುದಾದರೂ ಒಂದು ನೆರಳು ಮಾಡಿಕೊಳ್ಳಿ. ಕಲೆ ಜಾಸ್ತಿ ಇದ್ದವರಿಗೆ ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಒಳ್ಳೆಯದು, ಕಣ್ಣಿಗೆ ಕಾಣುವ ಬೆಳಕನ್ನೂ ಅದು ತಡೆಯುತ್ತದೆ.

ಮೂರನೇ ವಾರ

ಹೆಚ್ಚಿನವರು ಕೈಬಿಡುವುದು ಇಲ್ಲೇ. ಆ ಹುಡುಗ ಬಂದದ್ದೂ ಇದೇ ವಾರದಲ್ಲಿ.

ಆಗುವುದು ಇಷ್ಟು. ಗದ್ದ, ಬಾಯಿಯ ಸುತ್ತ ಬಿಳಿ ಸಿಪ್ಪೆ ಏಳುತ್ತದೆ, ಮುಖ ತೊಳೆದಾಗ ಬಿಗಿದ ಹಾಗಾಗುತ್ತದೆ, ಬೆವರು ಇಳಿದರೆ ಚುರುಗುಟ್ಟುತ್ತದೆ. ಅದರ ಮೇಲೆ ಒಂದಷ್ಟು ಹೊಸ ಮೊಡವೆಗಳು. ಒಳಗೆ ಮೊದಲೇ ಬೆಳೆಯುತ್ತಿದ್ದ ಗುಳ್ಳೆಗಳು ಬೇಗ ಬೇಗ ಹೊರಬರುತ್ತವೆ. ಎಲ್ಲರಿಗೂ ಹೀಗೆ ಆಗುವುದಿಲ್ಲ, ಆದವರಿಗೆ ನಾಲ್ಕರಿಂದ ಆರು ವಾರದ ಹೊತ್ತಿಗೆ ಇಳಿಮುಖ ಆಗಬೇಕು.

ಇಂಥ ಕೆರಳಿಕೆಗೂ ನಿಜವಾದ ಅಲರ್ಜಿಗೂ ವ್ಯತ್ಯಾಸ ತಿಳಿದಿರಬೇಕು. ನಿಮಗೆ ಯಾವತ್ತೂ ಮೊಡವೆ ಏಳುವ ಜಾಗದಲ್ಲೇ ಗುಳ್ಳೆ, ತಡೆಯುವಷ್ಟು ಉರಿ, ಸಿಪ್ಪೆ ಇದ್ದರೆ ಮುಂದುವರಿಸಬಹುದು. ಎರಡು ಮೂರು ರಾತ್ರಿ ಬಿಟ್ಟು, ಆ ರಾತ್ರಿಗಳಲ್ಲಿ ಬರೀ ಮಾಯಿಶ್ಚರೈಸರ್ ಹಚ್ಚಿ, ಮತ್ತೆ ಹಿಂದಿನ ಮೆಟ್ಟಿಲಿನಿಂದ ಶುರು ಮಾಡಿ. ರೆಪ್ಪೆ ಊದಿಕೊಂಡರೆ, ನೀರುಗುಳ್ಳೆ ಎದ್ದರೆ, ಚರ್ಮ ಒಸರತೊಡಗಿದರೆ, ತುರಿಕೆ ತಡೆಯದಿದ್ದರೆ ನಿಲ್ಲಿಸಿ ವೈದ್ಯರ ಹತ್ತಿರ ಹೋಗಿ. ಉಸಿರಾಟಕ್ಕೆ ಕಷ್ಟವಾದರೆ, ತುಟಿ ನಾಲಿಗೆ ಊದಿದರೆ ಕಾಯುವುದು ಬೇಡ, ಸೀದಾ ಆಸ್ಪತ್ರೆಗೆ.

ಸಿಪ್ಪೆಯನ್ನು ಉಗುರಿನಿಂದ ಕೀಳಬೇಡಿ. ಮೊಡವೆ ಹಿಸುಕಬೇಡಿ ಎಂದು ಎಷ್ಟು ಹೇಳಿದರೂ ಹಿಸುಕುತ್ತಾರೆ, ನಾನೂ ಹಿಸುಕಿದವನೇ, ಎಡಗೆನ್ನೆಯ ಕುಳಿ ಅದಕ್ಕೆ ಸಾಕ್ಷಿ.

ಹುಡುಗನಿಗೆ ಅಂದು ಹೊಸ ಟ್ಯೂಬು ಕೊಡಲಿಲ್ಲ. ಒಂದು ಸಾದಾ ಮಾಯಿಶ್ಚರೈಸರ್ ಕೊಟ್ಟು, ಹತ್ತು ದಿನ ಜೆಲ್ ಮುಟ್ಟಬೇಡ ಅಂದೆ, ಬರೆದ ವೈದ್ಯರಿಗೆ ಫೋನ್ ಮಾಡಿ ಹೇಳಿದೆ. ಅವರು ವಾರಕ್ಕೆ ಎರಡು ರಾತ್ರಿಯಿಂದ ಮತ್ತೆ ಶುರು ಮಾಡಿಸಿದರು.

ಜೆಲ್ಲಿನ ಹೊರಗಿನ ಕಾರಣಗಳು

ಹಣೆಯ ಅಂಚಿನಲ್ಲೇ ಸಣ್ಣ ಸಣ್ಣ ಗುಳ್ಳೆ ಸಾಲುಗಟ್ಟಿದ್ದರೆ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನು ಅನುಮಾನಿಸಿ. ಎಣ್ಣೆ ಬಿಡಲಾಗದಿದ್ದರೆ ತಲೆಸ್ನಾನಕ್ಕೆ ಒಂದು ಗಂಟೆ ಮುಂಚೆ ಹಚ್ಚಿ ತೊಳೆಯಿರಿ. ಹಚ್ಚಿಕೊಂಡು ಮಲಗಿದರೆ ಎಣ್ಣೆ ದಿಂಬಿಗೆ ಇಳಿದು ಅಲ್ಲಿಂದ ಕೆನ್ನೆಗೆ ಬರುತ್ತದೆ. ಗದ್ದದ ಕೆಳಗೆ ಮಾತ್ರ ಇದ್ದರೆ ಹೆಲ್ಮೆಟ್ಟಿನ ಪಟ್ಟಿ ಒಗೆದು ಎಷ್ಟು ದಿನ ಆಯಿತು ಎಂದು ಕೇಳಿಕೊಳ್ಳಿ. ಒಂದೇ ಅಳತೆಯ, ತುರಿಸುವ ಗುಳ್ಳೆಗಳು ಹಣೆ, ಎದೆ, ಬೆನ್ನ ಮೇಲೆ ತುಂಬಿದ್ದರೆ ಅದು ಮೊಡವೆ ಅಲ್ಲದೆ ಶಿಲೀಂಧ್ರದ ಸೋಂಕೂ ಇರಬಹುದು, ಅದಕ್ಕೆ ಔಷಧಿ ಬೇರೆ.

ಊಟದ ಬಗ್ಗೆ ಕೇಳದವರಿಲ್ಲ. ಕರಿದ ತಿಂಡಿಗೂ ಮೊಡವೆಗೂ ನೇರ ನಂಟು ಗಟ್ಟಿಯಾಗಿಲ್ಲ. ಸಕ್ಕರೆ, ಮೈದಾದಂಥ ರಕ್ತದಲ್ಲಿ ಸಕ್ಕರೆಯನ್ನು ತಟ್ಟನೆ ಏರಿಸುವ ಆಹಾರಕ್ಕೆ, ಕೆಲವರಲ್ಲಿ ಹಾಲಿಗೆ, ಜಿಮ್ಮಿನ ವೇ ಪ್ರೊಟೀನಿಗೆ ನಂಟು ಕಂಡಿದೆ. ಜಿಮ್ ಶುರು ಮಾಡಿದ ಮೇಲೆ ಬೆನ್ನ ತುಂಬ ಮೊಡವೆ ಎದ್ದ ಹುಡುಗರಿಗೆ ಡಬ್ಬಿ ಒಂದು ತಿಂಗಳು ಪಕ್ಕಕ್ಕಿಟ್ಟು ನೋಡಿ ಅನ್ನುತ್ತೇನೆ.

ಮುಖ ತಿಳಿಯಾದ ಮೇಲೆ

ಮೂರು ತಿಂಗಳಾಯಿತು, ಹೊಸ ಗುಳ್ಳೆ ಕಡಿಮೆಯಾಯಿತು. ಟ್ಯೂಬು ಎಸೆಯುವ ಆಸೆ ಬರುತ್ತದೆ. ಎಸೆದರೆ ಒಂದೆರಡು ತಿಂಗಳಲ್ಲಿ ಮತ್ತೆ ನನ್ನ ಕೌಂಟರಿನ ಮುಂದೆ. ಬಾಯಿ ಕಟ್ಟುವುದು ಆ ಚರ್ಮದ ಸ್ವಭಾವ, ಔಷಧಿ ಹಚ್ಚುವಷ್ಟು ದಿನ ಮಾತ್ರ ಅದು ಹಿಡಿತದಲ್ಲಿರುತ್ತದೆ. ಕ್ಲಿಂಡಾಮೈಸಿನ್, ಮಾತ್ರೆಗಳನ್ನು ವೈದ್ಯರು ಹೇಳಿದ ದಿನಕ್ಕೆ ನಿಲ್ಲಿಸಬೇಕು. ಬರೀ ಅಡಾಪಲೀನನ್ನು ರಾತ್ರಿ ಬಿಟ್ಟು ರಾತ್ರಿ, ಆಮೇಲೆ ವಾರಕ್ಕೆ ಎರಡು ಮೂರು ಸಲಕ್ಕೆ ಇಳಿಸಿ ತಿಂಗಳುಗಟ್ಟಲೆ ಮುಂದುವರಿಸುವುದೇ ರೂಢಿ.

ಕಪ್ಪು ಕಲೆ ಇದರಿಂದಲೇ ನಿಧಾನಕ್ಕೆ ಮಾಸುತ್ತದೆ. ಬೆರಳಿಗೆ ತಗ್ಗು ಸಿಗುವ ಕುಳಿಗಳು ಬೇರೆ ಜಾತಿ, ಅವಕ್ಕೆ ಯಾವ ಟ್ಯೂಬಿನ ಮೇಲೂ ಹೆಚ್ಚು ಆಸೆ ಇಡಬೇಡಿ. ಚರ್ಮದ ವೈದ್ಯರು ಮಾಡುವ ಚಿಕಿತ್ಸೆಗಳಿವೆ, ಮೊಡವೆ ಹತೋಟಿಗೆ ಬಂದ ಮೇಲೆ ಅವುಗಳ ಮಾತು.

ವೈದ್ಯರ ಬಳಿ ಮತ್ತೆ ಹೋಗಬೇಕಾದದ್ದು ಯಾವಾಗ

ಹನ್ನೆರಡು ವಾರ ಸರಿಯಾಗಿ ಹಚ್ಚಿಯೂ ಏನೂ ಬದಲಾಗದಿದ್ದರೆ. ಚರ್ಮದ ಆಳದಲ್ಲಿ ಗೋಲಿಯಂಥ, ಮುಟ್ಟಿದರೆ ನೋಯುವ ಗಂಟುಗಳಿದ್ದರೆ ಹನ್ನೆರಡು ವಾರವೂ ಕಾಯಬೇಡಿ, ಅವು ಕುಳಿ ಬಿಡುತ್ತವೆ. ಮುಟ್ಟು ಹಿಂದೆ ಮುಂದೆ ಆಗುತ್ತ, ಗದ್ದದಲ್ಲಿ ಒರಟು ಕೂದಲು ಏಳುತ್ತ, ದವಡೆಯ ಸಾಲಿನಲ್ಲೇ ಮೊಡವೆ ಬರುತ್ತಿದ್ದರೆ ಪಿಸಿಒಎಸ್ (ಅಂಡಾಶಯ, ಹಾರ್ಮೋನಿನ ಏರುಪೇರು) ತಪಾಸಣೆ ಆಗಬೇಕು. ಮಗುವಿಗೆ ಹನ್ನೆರಡು ತುಂಬದೆಯೇ ಮೊಡವೆ ಬಂದರೂ ನೀವೇ ಹಚ್ಚಬೇಡಿ. ಮುಖ ತೋರಿಸಲಾಗದೆ ಕಾಲೇಜು ತಪ್ಪಿಸುವ, ಮನೆಯಿಂದ ಹೊರಗೆ ಬಾರದ ಮಕ್ಕಳಿದ್ದರೆ “ವಯಸ್ಸಿನ ಮೊಡವೆ, ತಾನೇ ಹೋಗುತ್ತೆ” ಎಂದು ತಳ್ಳಿಹಾಕಬೇಡಿ, ಕರೆದುಕೊಂಡು ಹೋಗಿ. ಖಾಸಗಿ ಫೀಸು ಭಾರವಾದವರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮರೋಗದ ಓಪಿಡಿ ಇದೆ.

ಹೋಗುವಾಗ ಮುಖಕ್ಕೆ ಪೌಡರ್ ಬೇಡ. ಈವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ, ಅರ್ಧ ಉಳಿದದ್ದು, ಖಾಲಿಯಾದದ್ದು, ಹೆಸರು ಅಳಿಸಿಹೋದದ್ದು, ಪಕ್ಕದ ಮನೆಯವರು ಕೊಟ್ಟದ್ದೂ ಸೇರಿಸಿ, ಒಂದು ಕವರಿಗೆ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ. ಬೈಯುತ್ತಾರೆಂದು ಸ್ಟೀರಾಯ್ಡ್ ಟ್ಯೂಬನ್ನು ಮಾತ್ರ ಮನೆಯಲ್ಲಿ ಬಿಟ್ಟು ಹೋಗುವವರೇ ಜಾಸ್ತಿ, ವೈದ್ಯರಿಗೆ ಮೊದಲು ನೋಡಬೇಕಾಗಿರುವುದು ಅದನ್ನೇ.